ಆಲನ್ ಟ್ಯೂರಿಂಗ್

ಹುಬ್ಬಳ್ಳಿಯ ವರ್ತಕನೊಬ್ಬನು ಗಣಕಯಂತ್ರದ ಮೂಲಕ ಧಾರವಾಡದ ಬ್ಯಾಂಕಿಗೆ ಹಣ ಸಲ್ಲಿಸಿದಾಗ, ಆ ಸಂದೇಶವು ಗೂಢಲಿಪಿಯಾಗಿ ಮಾರ್ಪಟ್ಟು ಸಾಗುತ್ತದೆ. ಅದರ ಕೀಲಿಯನ್ನು ಬಲ್ಲವರಿಗಲ್ಲದೆ ಅನ್ಯರಿಗೆ ಅದು ಅರ್ಥವಾಗದು. ಗಣಕಯಂತ್ರ ಮತ್ತು ಗೂಢಲಿಪಿ ಇವೆರಡರ ಇತಿಹಾಸದಲ್ಲಿಯೂ ಚಿರಸ್ಥಾಯಿಯಾದ ಹೆಸರು ಆಲನ್ ಟ್ಯೂರಿಂಗನದು.

ಟ್ಯೂರಿಂಗನ ಮನೆತನಕ್ಕೆ ನಮ್ಮ ನಾಡಿನ ನಂಟಿತ್ತು. ತಂದೆ ಜೂಲಿಯಸನು ಮದ್ರಾಸ್ ಪ್ರಾಂತದ ಅಧಿಕಾರಿಯಾಗಿ ಬಳ್ಳಾರಿ ಜಿಲ್ಲೆಯಲ್ಲಿಯೂ ಸೇವೆ ಸಲ್ಲಿಸಿದ್ದನು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿಯು ತುಂಗಭದ್ರೆಗೆ ಸೇತುವೆ ಕಟ್ಟಿಸಿದ ಮದ್ರಾಸ್ ರೈಲ್ವೆಯ ಎಂಜಿನಿಯರನು. ಆ ರೈಲ್ವೆಯು 1908ರಲ್ಲಿ, ಹುಬ್ಬಳ್ಳಿ-ಧಾರವಾಡಗಳನ್ನು ಹಾಯ್ದುಹೋಗುವ ಸದರ್ನ್ ಮರಾಠಾ ರೈಲ್ವೆಯೊಡನೆ ಒಂದಾಯಿತು.

ಆಲನ್ನನು 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆತಾಯಿಗಳು ಭಾರತದಲ್ಲಿದ್ದುದರಿಂದ ಬಾಲ್ಯವು ಪರರ ಮನೆಯಲ್ಲಿ ಕಳೆಯಿತು. ಕೇಂಬ್ರಿಜ್ಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿದ ಅವನು, ಪಟ್ಟಿಯ ಮೇಲಿನ ಚಿಹ್ನೆಗಳನ್ನು ನಿಯಮಾನುಸಾರ ಓದಿ, ಅಳಿಸಿ, ಬರೆಯುವ ಯಂತ್ರವೊಂದನ್ನು 1936ರಲ್ಲಿ ಕಲ್ಪಿಸಿದನು. ಇಂದಿನ ಗಣಕಯಂತ್ರದ ತತ್ತ್ವವು ಅದರಲ್ಲಿ ಅಡಗಿತ್ತು.

1939ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ಜರ್ಮನರು ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳನ್ನು ಮರೆಮಾಚುತ್ತಿದ್ದರು. ಅದರ ಜೋಡಣೆಯು ದಿನದಿನಕ್ಕೂ ಬದಲಾಗುತ್ತಿತ್ತು. ಅಟ್ಲಾಂಟಿಕ್ ಸಾಗರದಲ್ಲಿ ಆಹಾರ ತರುವ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಬ್ಲೆಚ್ಲಿ ಪಾರ್ಕಿನಲ್ಲಿ ಟ್ಯೂರಿಂಗನು, ಪೋಲೆಂಡಿನ ಗಣಿತಜ್ಞರು ತೋರಿದ್ದ ಹಾದಿಯಲ್ಲಿ ಮುಂದುವರಿದನು. ಎನಿಗ್ಮಾದಲ್ಲಿ ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಬರುತ್ತಿರಲಿಲ್ಲ. ಹವಾಮಾನ ವರದಿಗಳಲ್ಲಿ ಕೆಲವು ಪದಗಳು ಮರಳಿ ಮರಳಿ ಬರುತ್ತಿದ್ದವು. ಈ ದೌರ್ಬಲ್ಯಗಳನ್ನು ಹಿಡಿದು ಜೋಡಣೆಯನ್ನು ಹುಡುಕುವ ಬಾಂಬ್ ಎಂಬ ಯಂತ್ರವನ್ನು ಅವನು ರೂಪಿಸಿದನು. ಇದರಿಂದ ಅಸಂಖ್ಯಾತ ನಾವಿಕರ ಪ್ರಾಣ ಉಳಿಯಿತು.

ಅನ್ಯರ ಗುಟ್ಟನ್ನು ಒಡೆದವನು ಗುಟ್ಟನ್ನು ಕಾಯುವ ವಿದ್ಯೆಯನ್ನೂ ಸಾಧಿಸಿದನು. ದೂರವಾಣಿಯ ಮಾತನ್ನು ಒಂದು ತುದಿಯಲ್ಲಿ ಅರ್ಥರಹಿತ ಸದ್ದಾಗಿಸಿ, ಇನ್ನೊಂದು ತುದಿಯಲ್ಲಿ ಮತ್ತೆ ಮಾತಾಗಿಸುವ ಡಿಲೈಲಾ ಎಂಬ ಸಾಧನವನ್ನು ನಿರ್ಮಿಸಿದನು. ಆದರೆ ಅದು ಬಳಕೆಗೆ ಬರುವ ಮೊದಲೇ ಯುದ್ಧವು ಮುಗಿಯಿತು.

ದೇಶವನ್ನು ಕಾಪಾಡಿದವನನ್ನು ದೇಶವು ಕಾಪಾಡಲಿಲ್ಲ. ಪುರುಷನೊಬ್ಬನನ್ನು ಪ್ರೀತಿಸಿದ ಕಾರಣಕ್ಕಾಗಿ 1952ರಲ್ಲಿ ಅಂದಿನ ಕಾನೂನು ಅವನನ್ನು ದಂಡಿಸಿತು. ರಹಸ್ಯಪಾಲನೆಗೆ ಬದ್ಧನಾಗಿದ್ದ ಅವನು ತನ್ನ ಸೇವೆಯನ್ನು ಬಹಿರಂಗವಾಗಿ ಹೇಳಿಕೊಳ್ಳುವಂತೆಯೂ ಇರಲಿಲ್ಲ. 1954ರ ಜೂನ್ 7ರಂದು, ತನ್ನ 41ನೆಯ ವಯಸ್ಸಿನಲ್ಲಿ ಅವನು ಕಾಲವಶನಾದನು. 2013ರಲ್ಲಿ ಬ್ರಿಟನ್ನಿನ ರಾಣಿಯು ಅವನಿಗೆ ಮರಣೋತ್ತರ ಕ್ಷಮಾದಾನವನ್ನು ನೀಡಿದಳು. 2021ರಲ್ಲಿ ಆ ದೇಶದ 50 ಪೌಂಡಿನ ನೋಟಿನ ಮೇಲೆ ಅವನ ಚಿತ್ರವು ಮೂಡಿತು. ಗೌರವವು ತಡವಾಗಿ ಬಂದಿತು. ಆದರೆ ಅವನು ಬೆಳಗಿದ ಜ್ಞಾನದ ಹಣತೆಯು ಎಂದೂ ನಂದಲಿಲ್ಲ.