ಮಹಾವೀರಾಚಾರ್ಯ

ಮಹಾವೀರಾಚಾರ್ಯನು ಕ್ರಿ.ಶ. 9ನೆಯ ಶತಮಾನದ ಜೈನ ಗಣಿತಜ್ಞ ಹಾಗೂ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥದ ಕರ್ತೃ. ಗಣಿತವನ್ನು ಖಗೋಳಶಾಸ್ತ್ರದ ಅಂಗವಾಗಿ ಬರೆಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಈತನು ಗಣಿತಕ್ಕೆಂದೇ ಮೀಸಲಾದ ಕೃತಿಯನ್ನು ರಚಿಸಿದನು.

ಕಾಲ ಮತ್ತು ಆಶ್ರಯ

ಗ್ರಂಥದ ಆರಂಭದ ಶ್ಲೋಕಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಇದನ್ನಾಧರಿಸಿ ಕೃತಿಯ ಕಾಲವನ್ನು ಸುಮಾರು ಕ್ರಿ.ಶ. 850 ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ನೃಪತುಂಗನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಕವಿರಾಜಮಾರ್ಗ’ವು ರೂಪುಗೊಂಡದ್ದೂ ಇದೇ ಅರಸನ ಆಶ್ರಯದಲ್ಲಿ. ಪಾಕಶಾಸ್ತ್ರ, ವೈದ್ಯ, ಸಂಗೀತ, ವಾಸ್ತುವಿದ್ಯೆ ಮೊದಲಾದ ಎಲ್ಲದರಲ್ಲಿಯೂ ಗಣಿತವು ಅವಶ್ಯವೆಂದು ಮಹಾವೀರನು ಪೀಠಿಕೆಯಲ್ಲಿ ಪ್ರತಿಪಾದಿಸುತ್ತಾನೆ.

ಮಿಶ್ರಣದ ಲೆಕ್ಕಗಳು

ಈ ಮಾತಿಗೆ ಉತ್ತಮ ನಿದರ್ಶನವೆಂದರೆ ಒಂಬತ್ತು ಅಧ್ಯಾಯಗಳಲ್ಲಿ ಆರನೆಯದಾದ ‘ಮಿಶ್ರಕ ವ್ಯವಹಾರ’. ಅಸಲು ಮತ್ತು ಬಡ್ಡಿ ಕೂಡಿದ ಮೊತ್ತವನ್ನು ಬೇರ್ಪಡಿಸುವ ಲೆಕ್ಕಗಳ ಜೊತೆಗೆ ಇದರಲ್ಲಿ ಚಿನ್ನದ ಲೆಕ್ಕಗಳೂ ಇವೆ. ಬೇರೆ ಬೇರೆ ಶುದ್ಧತೆಯ ಚಿನ್ನವನ್ನು ಒಮ್ಮೆ ಕರಗಿಸಿ ಕೂಡಿಸಿದರೆ ಯಾರ ಪಾಲು ಎಷ್ಟೆಂಬುದು ಕಣ್ಣಿಗೆ ತಿಳಿಯದು. ಆಗ ನ್ಯಾಯ ದೊರೆಯಬೇಕಾದರೆ ಲೆಕ್ಕವೇ ಬೇಕು. ಶುದ್ಧತೆಯನ್ನು ‘ವರ್ಣ’ದಿಂದ ಅಳೆಯುತ್ತಿದ್ದರು, ಅಪ್ಪಟ ಚಿನ್ನಕ್ಕೆ 16 ವರ್ಣ. ಪ್ರತಿಯೊಂದು ತುಂಡಿನ ತೂಕವನ್ನು ಅದರ ವರ್ಣದಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಮಿಶ್ರಣದ ವರ್ಣ ದೊರೆಯುತ್ತದೆ. ಉದಾಹರಣೆಗೆ, 16 ವರ್ಣದ 5 ಗದ್ಯಾಣ ಚಿನ್ನಕ್ಕೆ 8 ವರ್ಣದ 3 ಗದ್ಯಾಣ ಸೇರಿಸಿದರೆ 80 ಮತ್ತು 24 ಕೂಡಿ 104. ಇದನ್ನು 8ರಿಂದ ಭಾಗಿಸಿದಾಗ 13 ವರ್ಣ.

ತೂಕವೇ ತಿಳಿಯದಿದ್ದಾಗಲೂ ಈ ನಿಯಮವನ್ನು ಬಳಸಬಹುದು. 15 ವರ್ಣದ 6 ಗದ್ಯಾಣಕ್ಕೆ 10 ವರ್ಣದ ಚಿನ್ನವನ್ನು ಎಷ್ಟು ಸೇರಿಸಿದರೆ ಮಿಶ್ರಣವು 12 ವರ್ಣದ್ದಾಗುತ್ತದೆ? ಬೇಕಾದ ತೂಕವನ್ನು ‘ಯ’ ಎಂದಿಟ್ಟುಕೊಂಡರೆ 90 + 10ಯ = 12(6 + ಯ); ಆದ್ದರಿಂದ ಯ = 9 ಗದ್ಯಾಣ. ಮಹಾವೀರನ ಸೂತ್ರಗಳು ಪದ್ಯರೂಪದಲ್ಲಿವೆ, ಅಲ್ಲಿ ಇಂತಹ ಸಂಕೇತಗಳಿಲ್ಲ. ಆದರೆ ಕರಗಿಸುವುದರಿಂದ ಅಪ್ಪಟ ಚಿನ್ನದ ಒಟ್ಟು ಪ್ರಮಾಣ ಬದಲಾಗದೆಂಬ ತತ್ತ್ವ ಒಂದೇ. ಹಾಲಿಗೆ ನೀರು ಬೆರೆಸಿದ ಲೆಕ್ಕವನ್ನೂ ಪ್ರಯೋಗಾಲಯದಲ್ಲಿ ಆಮ್ಲವನ್ನು ತೆಳುಗೊಳಿಸುವ ಲೆಕ್ಕವನ್ನೂ ಇಂದಿನ ವಿದ್ಯಾರ್ಥಿಗಳು ಇದೇ ತತ್ತ್ವದಿಂದ ಬಿಡಿಸುತ್ತಾರೆ.

ಇತರ ವಿಚಾರಗಳು

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಈತನು ಸ್ಪಷ್ಟಪಡಿಸಿದ್ದಾನೆ. ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗದೆಂದು ಹೇಳಿರುವುದು ಮಾತ್ರ ತಪ್ಪು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.