ಕಾಳುಮೆಣಸಿನ ರಾಣಿಯನ್ನು ಅರಸುತ್ತ

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ, ಹಡ್ಸನ್ ನದಿಯ ದಡದ ಗಗನಚುಂಬಿ ಸೌಧಗಳ ಮಗ್ಗುಲಿಗೆ, ಅರ್ಧ ಎಕರೆಯಷ್ಟು ಹಸುರು ದಿಬ್ಬದ ಮೇಲೆ ಸೂರಿಲ್ಲದ ಕಲ್ಲುಮನೆಯೊಂದು ನಿಂತಿರುವುದನ್ನು ನಮ್ಮ ಕೂಟದ ಮಕ್ಕಳಲ್ಲಿ ಕೆಲವರಾದರೂ ನೋಡಿರಬಹುದು. ಐರ್ಲೆಂಡಿನ ಮೇಯೊ ಪ್ರಾಂತದ ರೈತ ಕುಟುಂಬವೊಂದು ವಾಸವಾಗಿದ್ದ ಮನೆಯದು. ಅದರ ಕಲ್ಲುಗಳನ್ನು ಸಮುದ್ರ ದಾಟಿಸಿ ತಂದು 2002ರಲ್ಲಿ ಅಲ್ಲಿ ಮರಳಿ ನಿಲ್ಲಿಸಿದರು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಘೋರ ಕ್ಷಾಮ ತಲೆದೋರಿದಾಗ ಸುಮಾರು ಹತ್ತು ಲಕ್ಷ ಜನ ಮಡಿದು, ಅಷ್ಟೇ ಜನ ದೇಶ ಬಿಟ್ಟು ಹಡಗೇರಿದರು. ಅವರ ಸ್ಮರಣಾರ್ಥವಾಗಿ ಎದ್ದುದು ಈ ಸ್ಮಾರಕ. ಆ ದೇಶದ 32 ಪ್ರಾಂತಗಳಿಂದಲೂ ಒಂದೊಂದು ಕಲ್ಲನ್ನು ತರಿಸಿ ದಿಬ್ಬದ ಮೇಲಿರಿಸಿದ್ದಾರೆ.

ನಮ್ಮ ಕರಾವಳಿಯಲ್ಲಿ, ವೀರಗಲ್ಲು ಮಾಸ್ತಿಕಲ್ಲುಗಳನ್ನು ಬಿಟ್ಟರೆ, ಹೀಗೆ ಸಂಕಲ್ಪಪೂರ್ವಕವಾಗಿ ನಿಲ್ಲಿಸಿದ ಸ್ಮಾರಕಗಳು ವಿರಳವೆಂದೇ ಹೇಳಬೇಕು. ಕೋಟೆ, ಬಸದಿ, ದೇವಾಲಯಗಳೇ ನಮಗೆ ಆ ಕೆಲಸವನ್ನೂ ಮಾಡಿಕೊಟ್ಟಿವೆ. ಭಟ್ಕಳ, ಹೊನ್ನಾವರ, ಕುಮಟೆಗಳ ನಡುವೆ ಹೀಗೆ ಕಲ್ಲಿನಲ್ಲಿ ಉಳಿದಿರುವವಳು ರಾಣಿ ಚೆನ್ನಭೈರಾದೇವಿ.

ಸಾಳುವ ವಂಶದ ಈ ಜೈನರಾಣಿ 1552ರಿಂದ 1606ರವರೆಗೆ, ಎಂದರೆ ಅರ್ಧಶತಮಾನಕ್ಕೂ ಮಿಕ್ಕಿ, ಗೇರುಸೊಪ್ಪೆಯಿಂದ ರಾಜ್ಯವಾಳಿದಳೆಂದು ಇತಿಹಾಸಕಾರರು ಹೇಳುತ್ತಾರೆ. ಘಟ್ಟದ ತೋಟಗಳಲ್ಲಿ ಬೆಳೆದ ಕಾಳುಮೆಣಸು ಶರಾವತಿ ಅಘನಾಶಿನಿಗಳ ಮೇಲೆ ದೋಣಿಯಲ್ಲಿಳಿದು, ಅವಳ ಬಂದರುಗಳಿಂದ ಹಡಗೇರಿ ಪರದೇಶಗಳಿಗೆ ಹೋಗುತ್ತಿದ್ದುದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. ಕರೆದರು ಮಾತ್ರವಲ್ಲ, ಆ ಮೆಣಸಿಗಾಗಿ ಅವಳ ಮೇಲೆ ಕಾದಾಟಕ್ಕೂ ಬಂದರು. ಗೋವೆಯಲ್ಲಿ 1560ರಲ್ಲಿ ಮತವಿಚಾರಣೆಯ ಪೀಠ ಸ್ಥಾಪಿತವಾಗಿ, ಅದರ ಭಯದಿಂದ ದಕ್ಷಿಣಾಭಿಮುಖವಾಗಿ ಓಡಿಬಂದ ಕೊಂಕಣಿ ಕುಟುಂಬಗಳಿಗೆ ಅವಳು ನೆಲೆಯಿತ್ತಳೆಂದು ಐತಿಹ್ಯವುಂಟು. ಊರು ಬಿಟ್ಟು ಬಂದವರ ಮಕ್ಕಳಾದ ನಿಮಗೆ ಅವಳ ಯುದ್ಧಗಳಿಗಿಂತ ಈ ಸಂಗತಿಯೇ ಹೆಚ್ಚು ಹತ್ತಿರದ್ದೆಂದು ನನ್ನ ಎಣಿಕೆ. ಕಡೆಗೆ ಕೆಳದಿಯ ನಾಯಕರು ಗೇರುಸೊಪ್ಪೆಯನ್ನು ಗೆದ್ದು ಅವಳನ್ನು ಸೆರೆಯೊಯ್ದರು. ಸೆರೆಯಲ್ಲಿಯೇ ಅವಳು ತೀರಿಕೊಂಡಳು.

ಕುಮಟೆಯಿಂದ ಉತ್ತರಕ್ಕೆ, ಹೆದ್ದಾರಿಗೆ ಅನತಿದೂರದಲ್ಲಿರುವ ಮಿರ್ಜಾನ ಕೋಟೆಯನ್ನು ಕಟ್ಟಿಸಿದವರಾರೆಂಬ ವಿಷಯದಲ್ಲಿ ವಿದ್ವಾಂಸರಿಗೆ ಮತಭೇದವಿದ್ದರೂ, ಜನರ ಬಾಯಲ್ಲಿ ಅದು ರಾಣಿಯ ಕೋಟೆಯೇ. ಚಿರೆಕಲ್ಲಿನ ಎರಡು ಸುತ್ತಿನ ಗೋಡೆ, ಹೊರಗೆ ಕಂದಕ, ಒಳಗೆ ಮೆಟ್ಟಿಲಿಳಿದು ಹೋಗುವ ದೊಡ್ಡ ದೊಡ್ಡ ಬಾವಿಗಳು. ಮಳೆಗಾಲದಲ್ಲಿ ಆ ಕೆಂಗಲ್ಲಿನ ಮೇಲೆಲ್ಲ ಪಾಚಿ ಹಬ್ಬಿ ಕೋಟೆಗೆ ಕೋಟೆಯೇ ಹಸುರು ಕಂಬಳಿ ಹೊದ್ದಂತೆ ಕಾಣುತ್ತದೆ. ಪುರಾತತ್ತ್ವ ಇಲಾಖೆಯವರು ಅಗೆಸಿದಾಗ ಅಲ್ಲಿ ತೋಪಿನ ಗುಂಡುಗಳೊಡನೆ ಚೀನಾ ದೇಶದ ಪಿಂಗಾಣಿಯ ಚೂರುಗಳೂ ದೊರೆತುವು. ಮೆಣಸು ಹೋದ ದಾರಿಯಲ್ಲಿಯೇ ಏನೇನು ಬರುತ್ತಿತ್ತೆಂಬುದಕ್ಕೆ ಅವು ಸಾಕ್ಷಿ.

ಗೇರುಸೊಪ್ಪೆಯ ನಗರವೆಲ್ಲ ಅಳಿದು ಕಾಡಾಗಿ, ನಗರಬಸ್ತಿಕೇರಿಯೆಂಬ ಹೆಸರಿನಲ್ಲಿ ಮಾತ್ರ ಉಳಿದಿದೆ. ಅಲ್ಲಿಯ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಒಳಗಿನಿಂದ ಧ್ಯಾನಾಸೀನನಾದ ಜಿನಮೂರ್ತಿಯೊಂದು ನಿಮ್ಮನ್ನು ಎದುರುಗೊಳ್ಳುತ್ತದೆ. ಭಟ್ಕಳದ ಕೇತಪೈ ನಾರಾಯಣ ದೇವಾಲಯವೂ ಅದೇ 16ನೆಯ ಶತಮಾನದ್ದು. ಅರಸನ ಹೆಸರಿಲ್ಲ, ಅಲ್ಲಿ ನಿಂತಿರುವುದು ಕಟ್ಟಿಸಿದ ಕೊಂಕಣಿ ವ್ಯಾಪಾರಿಯ ಹೆಸರು. ಮಳೆಯ ನಾಡಾದ್ದರಿಂದ ಶಿಲೆಯ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿ ಮಾಡು ಮಾಡಿದ್ದಾರೆ.

2025ರಲ್ಲಿ ಭಾರತದ ಅಂಚೆ ಇಲಾಖೆಯು ಚೆನ್ನಭೈರಾದೇವಿಯ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಸಂತೋಷವೇ, ಆದರೆ ಐರಿಷರು ಒಂದು ಬಡ ರೈತನ ಮನೆಗೆ ತೋರಿದ ಶ್ರದ್ಧೆಯಲ್ಲಿ ಕಾಲುಭಾಗವನ್ನಾದರೂ ನಾವು ಗೇರುಸೊಪ್ಪೆಗೆ ತೋರಿದ್ದರೆ, ಊರಿಗೆ ಹೋದ ಮಕ್ಕಳು ಜೋಗವನ್ನು ನೋಡಿ, ಅದೇ ದಾರಿಯ ಬಸದಿಯನ್ನು ನೋಡದೆಯೇ ಮರಳುತ್ತಿರಲಿಲ್ಲ.

ಮುಂದಿನ ರಜೆಯಲ್ಲಿ ಅಜ್ಜನ ಮನೆಗೆ ಹೋಗುವವರು ದೀಪಾವಳಿಯ ತರುವಾಯ, ಮಳೆ ನಿಂತ ಮೇಲೆ, ಹೊನ್ನಾವರದಿಂದ ಶರಾವತಿಯ ಗುಂಟ ಸುಮಾರು 30 ಕಿಲೋಮೀಟರು ಮೇಲಕ್ಕೆ ಹೋಗಿ, ನಗರಬಸ್ತಿಕೇರಿಯ ದಾರಿಯನ್ನು ಅಲ್ಲಿಯವರನ್ನೇ ಕೇಳಿರಿ.