ಕೊರ್ಡೊವಾದ ಖಾಝಿ ಇಬ್ನ್ ರುಶ್ದ್

ಇಬ್ನ್ ರುಶ್ದ್ ಅಂದರೆ ಅರಿಸ್ಟಾಟಲ್‌ಗೆ ವ್ಯಾಖ್ಯಾನ ಬರೆದ ತತ್ವಜ್ಞಾನಿ ಅಂತ ನಾವು ಓದಿರುತ್ತೇವೆ. ಆದರೆ ಅವರ ಮನೆತನವೇ ಖಾಝಿಗಳದ್ದು. 1126ರಲ್ಲಿ ಸ್ಪೇನಿನ ಕೊರ್ಡೊವಾದಲ್ಲಿ ಹುಟ್ಟಿದರು. ಅಜ್ಜ, ತಂದೆ ಇಬ್ಬರೂ ಅಲ್ಲಿ ಖಾಝಿಗಳು. ಇವರೂ 1169ರಲ್ಲಿ ಸೆವಿಲ್ಲೆಯ ಖಾಝಿಯಾಗಿ, ಮುಂದೆ ಕೊರ್ಡೊವಾಕ್ಕೆ ಬಂದರು. ಮಾಲಿಕಿ ಮದ್‌ಹಬ್‌ನವರು. ಆದರೂ ಅವರ ‘ಬಿದಾಯತುಲ್ ಮುಜ್ತಹಿದ್’ನಲ್ಲಿ ನಮ್ಮ ಇಮಾಮ್ ಶಾಫಿಈ, ಇಮಾಮ್ ಅಬೂ ಹನೀಫಾ ಎಲ್ಲರ ಅಭಿಪ್ರಾಯವೂ ಇದೆ, ಭಿನ್ನಾಭಿಪ್ರಾಯ ಯಾಕೆ ಬಂತು ಎಂಬುದೂ ಇದೆ.

ತತ್ವಶಾಸ್ತ್ರವನ್ನೂ ಅವರು ಖಾಝಿಯ ಹಾಗೆಯೇ ವಿಚಾರಣೆಗೆ ತೆಗೆದುಕೊಂಡರು. ಅದನ್ನು ಓದುವುದು ಶರೀಅತ್ ಪ್ರಕಾರ ಹರಾಮೋ, ಹಲಾಲೋ, ಸುನ್ನತ್ತೋ, ವಾಜಿಬೋ? ‘ಫಸ್ಲುಲ್ ಮಖಾಲ್’ ಎಂಬ ಚಿಕ್ಕ ಕಿತಾಬಿನಲ್ಲಿ ಅವರ ತೀರ್ಪು: ಯೋಗ್ಯತೆ ಇದ್ದವರಿಗೆ ವಾಜಿಬ್. ಸೃಷ್ಟಿಯನ್ನು ನೋಡಿ ಚಿಂತಿಸಿ ಅಂತ ಕುರ್‌ಆನೇ ಹೇಳುವಾಗ ಚಿಂತಿಸುವ ವಿಧಾನ ಕಲಿಯದಿದ್ದರೆ ಹೇಗೆ? ಗ್ರೀಕರು ಮುಸ್ಲಿಮರಲ್ಲವಲ್ಲ ಅಂದವರಿಗೆ ಝಬಹ್ ಮಾಡುವ ಕತ್ತಿಯನ್ನು ತೋರಿಸಿದರು. ಕತ್ತಿ ನಿಯಮಕ್ಕೆ ಸರಿ ಇದ್ದರೆ ಆಯಿತು, ಅದು ಯಾರದ್ದು ಅಂತ ಕೇಳುವುದಿಲ್ಲ. ಬಕ್ರೀದ್ ಕಂಡ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇಂಥ ಚರ್ಚೆ ಜನಸಾಮಾನ್ಯರ ಮುಂದೆ ಬೇಡ ಅಂತಲೂ ಅವರು ಬರೆದರು. ಅದು ಮಾತ್ರ ನಮಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ.

ರಾಜಕೀಯದಲ್ಲೂ ಅವರ ಯೋಚನೆ ಹೀಗೇ ನೇರ. ಪ್ಲೇಟೋನ ‘ರಿಪಬ್ಲಿಕ್’ಗೆ ವ್ಯಾಖ್ಯಾನ ಬರೆಯುವಾಗ ತನ್ನ ನಾಡನ್ನೇ ಮುಂದಿಟ್ಟುಕೊಂಡರು. ಹೆಂಗಸರಲ್ಲೂ ಆಳುವ ಶಕ್ತಿಯವರಿದ್ದಾರೆ, ಅವರನ್ನು ಹೆರುವುದಕ್ಕೆ, ಹಾಲೂಡಿಸುವುದಕ್ಕೆ ಮಾತ್ರ ಇಟ್ಟದ್ದು ಈ ಊರುಗಳ ಬಡತನಕ್ಕೆ ಒಂದು ಕಾರಣ ಎಂದರು. 12ನೇ ಶತಮಾನದಲ್ಲಿ, ಅದೂ ಒಬ್ಬ ಖಾಝಿ! ಆ ಕೃತಿಯ ಅರಬಿ ಮೂಲ ಕಳೆದುಹೋಗಿದೆ, ಹೀಬ್ರೂ ಅನುವಾದದಿಂದಾಗಿ ನಮಗೆ ಸಿಕ್ಕಿದೆ.

1195ರಲ್ಲಿ ಎಲ್ಲವೂ ತಿರುಗಿಬಿತ್ತು. ಖಲೀಫ ಅಲ್ ಮನ್ಸೂರ್ ಅವರನ್ನು ಲುಸೇನಾ ಎಂಬ ಸಣ್ಣ ಊರಿಗೆ ಗಡಿಪಾರು ಮಾಡಿದರು. ತತ್ವಶಾಸ್ತ್ರದ ಕಿತಾಬುಗಳಿಗೆ ಬೆಂಕಿ ಬಿತ್ತು. ಆದರೆ ಅವರಿಗೆ ಎಲ್ಲಕ್ಕಿಂತ ನೋವು ತಂದದ್ದು ಬೇರೆಯೇ ಅಂತ ಹಳೆಯ ಜೀವನಚರಿತ್ರೆಗಳಲ್ಲಿದೆ. ಮಗನ ಜೊತೆ ಕೊರ್ಡೊವಾದ ಮಸೀದಿಯೊಂದಕ್ಕೆ ಅಸರ್ ನಮಾಝಿಗೆ ಹೋದಾಗ ಜನ ಸೇರಿ ಇಬ್ಬರನ್ನೂ ಹೊರಗೆ ಹಾಕಿದರು.

ಕ್ರೈಸ್ತ ರಾಜರೊಡನೆ ಯುದ್ಧದಲ್ಲಿದ್ದ ಖಲೀಫರಿಗೆ ಕಟ್ಟಾ ವಿದ್ವಾಂಸರ ಬೆಂಬಲ ಬೇಕಿತ್ತು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ನಮಗೂ ಹಾಗೇ ಕಾಣುತ್ತದೆ. ಯಾಕೆಂದರೆ ಕೆಲವೇ ವರ್ಷಗಳಲ್ಲಿ ಅದೇ ಖಲೀಫ ಅವರನ್ನು ಮರಾಕೆಶ್‌ಗೆ ಗೌರವದಿಂದ ಕರೆಸಿಕೊಂಡರು. 1198ರಲ್ಲಿ ಅಲ್ಲೇ ವಫಾತಾದರು. ಮುಂದೆ ಮಯ್ಯತ್ತನ್ನು ಕೊರ್ಡೊವಾಕ್ಕೆ ಸಾಗಿಸುವಾಗ ಸೂಫಿ ಇಬ್ನ್ ಅರಬಿ ಕಣ್ಣಾರೆ ಕಂಡರು: ಹೊರೆ ಹೊರುವ ಪ್ರಾಣಿಯ ಒಂದು ಬದಿಗೆ ಮಯ್ಯತ್, ತೂಕ ಸರಿದೂಗಿಸಲು ಇನ್ನೊಂದು ಬದಿಗೆ ಅವರೇ ಬರೆದ ಕಿತಾಬುಗಳು.